ಕ್ವಾಂಟಂ ಗಣನೆ: ಬಲವೆಷ್ಟು, ಮಿತಿಯೆಷ್ಟು?

1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮತ್ತು ಸಂಕೇತ ಸಂಸ್ಕರಣೆ ಕುರಿತ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ನಡಾವಳಿಯಲ್ಲಿ ಐಬಿಎಂನ ಚಾರ್ಲ್ಸ್ ಬೆನೆಟ್ ಮತ್ತು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜೀಲ್ ಬ್ರಸಾರ್ ಬರೆದ ಐದು ಪುಟಗಳ ಪ್ರಬಂಧವೊಂದಿದೆ. ದೂರದಲ್ಲಿರುವ ಇಬ್ಬರು ಬೆಳಕಿನ ಒಂಟಿ ಕಣಗಳನ್ನು ಕಳುಹಿಸಿಕೊಂಡು ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಆ ಕಾಲಕ್ಕೆ ಅದನ್ನು ಗಂಭೀರವಾಗಿ ತೆಗೆದುಕೊಂಡವರು ವಿರಳ. ಇಂದು ಅದೇ ವಿಧಾನ ‘ಬಿಬಿ84’ ಎಂಬ ಹೆಸರಿನಲ್ಲಿ ಕ್ವಾಂಟಂ ಮಾಹಿತಿ ವಿಜ್ಞಾನದ ಪ್ರತಿ ವಿದ್ಯಾರ್ಥಿಯೂ ಮೊದಲಿಗೆ ಕಲಿಯುವ ಪಾಠವಾಗಿದೆ.

ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರ ಕೆಲವೇ ತಜ್ಞರ ಕೈಯಿಂದ ಸರ್ಕಾರಗಳ ಬಜೆಟ್ಟಿಗೆ, ಅಲ್ಲಿಂದ ದಿನಪತ್ರಿಕೆಗಳ ಮುಖಪುಟಕ್ಕೆ ಬಂದಿದೆ. ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಹೆಸರು ದೊಡ್ಡದಾದಂತೆ ಮಾತೂ ದೊಡ್ಡದಾಗಿದೆ. ಕ್ವಾಂಟಂ ಕಂಪ್ಯೂಟರ್ ಔಷಧಿಯಿಂದ ಹಿಡಿದು ಷೇರುಪೇಟೆಯವರೆಗೆ ಎಲ್ಲವನ್ನೂ ಬದಲಿಸುತ್ತದೆ ಎನ್ನುವವರಿದ್ದಾರೆ. ಇದೆಲ್ಲ ಬರೀ ಪ್ರಚಾರ, ಕೈಗೆ ಸಿಗುವುದು ಏನೂ ಇಲ್ಲ ಎನ್ನುವವರೂ ಇದ್ದಾರೆ. ಈವರೆಗಿನ ಫಲಿತಾಂಶಗಳನ್ನು ಸಾಲಾಗಿಟ್ಟು ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ. ಕ್ವಾಂಟಂ ಗಣನೆಯ ಬಲ ಬಹಳ ಆಳವಾದದ್ದು, ಆದರೆ ಅದರ ಹರವು ಕಿರಿದು. ಯಾವ ಜಾಗದಲ್ಲಿ ಅದು ಆಳ, ಯಾವ ಜಾಗದಲ್ಲಿ ಅದಕ್ಕೆ ಕೆಲಸವೇ ಇಲ್ಲ ಎಂಬುದನ್ನು ಬಿಡಿಸಿ ತೋರಿಸುವುದು ಈ ಸಮೀಕ್ಷೆಯ ಉದ್ದೇಶ.

ಮಾಹಿತಿಗೂ ಭೌತ ನಿಯಮ ಉಂಟು

ಬಿಸಿ ಕಾಯದಿಂದ ಹೊಮ್ಮುವ ಬೆಳಕನ್ನು ವಿವರಿಸಲು ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಶಕ್ತಿ ತುಣುಕು ತುಣುಕಾಗಿ ವಿನಿಮಯವಾಗುತ್ತದೆ ಎಂದು ಊಹಿಸಿದರು. 1905ರಲ್ಲಿ ಐನ್‌ಸ್ಟೈನ್ ಬೆಳಕೇ ಕಣಗಳಾಗಿ ಬರುತ್ತದೆ ಎಂದರು. ಢಾಕಾದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಆ ಕಣಗಳನ್ನು ಎಣಿಸುವ ಹೊಸ ಕ್ರಮವನ್ನು ಕೊಟ್ಟರು. 1925-26ರಲ್ಲಿ ಹೈಸನ್‌ಬರ್ಗ್ ಮತ್ತು ಶ್ರೋಡಿಂಗರ್ ಅವರಿಂದ ಕ್ವಾಂಟಂ ಸಿದ್ಧಾಂತ ಪೂರ್ಣ ರೂಪಕ್ಕೆ ಬಂತು. 1947ರ ಟ್ರಾನ್ಸಿಸ್ಟರ್, 1960ರ ಲೇಸರ್ ಎರಡೂ ಈ ತಿಳಿವಳಿಕೆಯ ಫಲ. ಆ ಅರ್ಥದಲ್ಲಿ ನಮ್ಮ ಜೇಬಿನ ಮೊಬೈಲೂ ಕ್ವಾಂಟಂ ಸಾಧನವೇ. ಆದರೆ ಅದರೊಳಗಿನ ಲೆಕ್ಕಾಚಾರ ಹಳೆಯ ಕ್ರಮದ್ದು. ಅಲ್ಲಿ ಒಂದು ಬಿಟ್ ಸೊನ್ನೆ ಅಥವಾ ಒಂದು, ಅಷ್ಟೆ.

ತಿರುವು ಬಂದದ್ದು ಒಂದು ಸರಳ ಪ್ರಶ್ನೆಯಿಂದ. ಮಾಹಿತಿ ಎಂಬುದು ಯಾವಾಗಲೂ ಕಾಗದದ ಮೇಲಿನ ಶಾಯಿಯಾಗಿಯೋ, ತಂತಿಯ ವಿದ್ಯುತ್ತಾಗಿಯೋ, ಯಾವುದಾದರೂ ಒಂದು ವಸ್ತುವಿನ ಸ್ಥಿತಿಯಾಗಿಯೇ ಇರಬೇಕಲ್ಲವೆ? 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡೌವರ್ ಒಂದು ಬಿಟ್ಟನ್ನು ಅಳಿಸಿದಾಗ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕೆಂದು ತೋರಿಸಿ, ಮಾಹಿತಿಯನ್ನು ಭೌತಶಾಸ್ತ್ರದ ಒಳಗೆ ತಂದರು. ವಸ್ತುವಿನ ಮೂಲ ನಿಯಮ ಕ್ವಾಂಟಂ ಆಗಿದ್ದ ಮೇಲೆ ಮಾಹಿತಿಯ ಮೂಲ ನಿಯಮವೂ ಅದೇ ಆಗಬೇಕು.

1980ರಲ್ಲಿ ಪಾಲ್ ಬೆನಿಯಾಫ್ ಕ್ವಾಂಟಂ ನಿಯಮಗಳಿಂದಲೇ ನಡೆಯುವ ಗಣಕದ ಮಾದರಿಯನ್ನು ಬರೆದರು. ಮರುವರ್ಷ ರಿಚರ್ಡ್ ಫೈನ್‌ಮನ್ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂದರು. ಎರಡು ಸ್ಥಿತಿಗಳಿರುವ 50 ಕಣಗಳ ಕ್ವಾಂಟಂ ವರ್ತನೆಯನ್ನು ಪೂರ್ತಿ ಬರೆದಿಡಲು ಸುಮಾರು 11 ಕೋಟಿ ಕೋಟಿ ಸಂಖ್ಯೆಗಳು ಬೇಕು. ಒಂದು ಕಣ ಸೇರಿದರೆ ಲೆಕ್ಕ ಇಮ್ಮಡಿಯಾಗುತ್ತದೆ. 300 ಕಣಗಳಾದರೆ ಬೇಕಾಗುವ ಸಂಖ್ಯೆಗಳು ಕಾಣುವ ವಿಶ್ವದಲ್ಲಿರುವ ಒಟ್ಟು ಪರಮಾಣುಗಳಿಗಿಂತ ಹೆಚ್ಚು. ಯಾವ ಸೂಪರ್ ಕಂಪ್ಯೂಟರಿಗೂ ಇದು ಎಟುಕದು. ಹಾಗಾದರೆ ಕ್ವಾಂಟಂ ವಸ್ತುವಿನ ನಡೆಯನ್ನು ಲೆಕ್ಕಹಾಕಲು ಕ್ವಾಂಟಂ ವಸ್ತುವಿನಿಂದಲೇ ಯಂತ್ರ ಕಟ್ಟಬೇಕು ಎಂಬುದು ಫೈನ್‌ಮನ್ ವಾದ. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಇಂಥ ಯಂತ್ರಕ್ಕೆ ಸಾರ್ವತ್ರಿಕವಾದ ಗಣಿತ ರೂಪ ಕೊಟ್ಟರು.

ಅಳಿಸಿಹೋಗುವ ದಾರಿಗಳು

ಕ್ವಾಂಟಂ ಬಿಟ್, ಅಂದರೆ ಕ್ಯೂಬಿಟ್, ಏಕಕಾಲಕ್ಕೆ ಸೊನ್ನೆಯೂ ಒಂದೂ ಆಗಿರುತ್ತದೆ. ಆದ್ದರಿಂದ ಕ್ವಾಂಟಂ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಪ್ರಯತ್ನಿಸುತ್ತದೆ. ಜನಪ್ರಿಯ ವಿವರಣೆಗಳಲ್ಲಿ ಎಲ್ಲೆಡೆ ಕಾಣುವ ಮಾತು ಇದು. ಈ ಕ್ಷೇತ್ರದ ಬಗ್ಗೆ ಹುಟ್ಟಿದ ಹೆಚ್ಚಿನ ತಪ್ಪು ನಿರೀಕ್ಷೆಗಳ ಬೇರು ಇಲ್ಲಿಯೇ ಇದೆ. ಎಲ್ಲ ಉತ್ತರಗಳ ಮಿಶ್ರಣವನ್ನು ಸುಮ್ಮನೆ ಅಳೆದರೆ ಸಿಗುವುದು ಯಾವುದೋ ಒಂದು ಉತ್ತರ ಮಾತ್ರ, ಅದೂ ಅಡ್ಡಾದಿಡ್ಡಿಯಾಗಿ ಆರಿಸಿದ್ದು. ಅದಕ್ಕೆ ಕ್ವಾಂಟಂ ಯಂತ್ರ ಬೇಕಿಲ್ಲ.

ನಿಜವಾದ ಬಲ ಎಲ್ಲಿದೆಯೆಂದು ತಿಳಿಯಲು ಒಂದು ನಾಣ್ಯವನ್ನು ತೆಗೆದುಕೊಳ್ಳೋಣ. ಅದನ್ನು ಒಮ್ಮೆ ಚಿಮ್ಮಿದರೆ ತಲೆ ಬೀಳುವ ಸಂಭವ ಅರ್ಧ. ನೋಡದೆ ಮತ್ತೆ ಚಿಮ್ಮಿದರೂ ಅರ್ಧವೇ. ಈಗ ಸೊನ್ನೆ ಸ್ಥಿತಿಯಲ್ಲಿರುವ ಕ್ಯೂಬಿಟ್ಟಿನ ಮೇಲೆ ‘ಹಡಮಾರ್ಡ್’ ಎಂಬ ಕ್ರಿಯೆ ನಡೆಸೋಣ. ಅಳೆದರೆ ಸೊನ್ನೆ ಅಥವಾ ಒಂದು, ಅರ್ಧಕ್ಕರ್ಧ ಸಂಭವ. ಇಲ್ಲಿಯವರೆಗೆ ಅದು ನಾಣ್ಯದಂತೆಯೇ. ಆದರೆ ಅಳೆಯದೆ ಅದೇ ಕ್ರಿಯೆಯನ್ನು ಇನ್ನೊಮ್ಮೆ ನಡೆಸಿದರೆ ಕ್ಯೂಬಿಟ್ ಖಂಡಿತವಾಗಿ ಸೊನ್ನೆಗೆ ಮರಳುತ್ತದೆ. ಕಾರಣವೇನೆಂದರೆ, ಕ್ವಾಂಟಂ ಲೆಕ್ಕದಲ್ಲಿ ಪ್ರತಿ ದಾರಿಗೂ ಇರುವ ತೂಕ ಋಣಾತ್ಮಕವೂ ಆಗಬಹುದು. ಕೊನೆಗೆ ‘ಒಂದು’ ಆಗಲು ಎರಡು ದಾರಿಗಳಿವೆ. ಒಂದರ ತೂಕ +1/2, ಇನ್ನೊಂದರದು −1/2. ಕೂಡಿದರೆ ಸೊನ್ನೆ, ಅಂದರೆ ಆ ಫಲಿತಾಂಶವೇ ಅಳಿಸಿಹೋಯಿತು. ‘ಸೊನ್ನೆ’ ಆಗುವ ಎರಡು ದಾರಿಗಳ ತೂಕ +1/2 ಮತ್ತು +1/2. ಕೂಡಿದರೆ ಪೂರ್ಣ ಒಂದು.

ಪಿಯುಸಿ ಭೌತಶಾಸ್ತ್ರದಲ್ಲಿ ಬೆಳಕಿನ ಅಲೆಗಳಿಗೆ ಹೇಳುವ ವ್ಯತಿಕರಣ ಇದೇ. ತಪ್ಪು ಉತ್ತರಗಳಿಗೆ ಹೋಗುವ ದಾರಿಗಳು ಪರಸ್ಪರ ಅಳಿಸಿಕೊಂಡು, ಸರಿಯಾದ ಉತ್ತರದ ದಾರಿಗಳು ಕೂಡಿಕೊಳ್ಳುವಂತೆ ಲೆಕ್ಕವನ್ನು ಹೊಂದಿಸುವುದೇ ಕ್ವಾಂಟಂ ಅಲ್ಗಾರಿದಂ ಬರೆಯುವ ಕಲೆ. ಸರಿ ಉತ್ತರ ಯಾವುದೆಂದು ಮೊದಲೇ ತಿಳಿಯದೆ ಹೀಗೆ ಹೊಂದಿಸಬೇಕು. ಸಮಸ್ಯೆಯೊಳಗೆ ಅದಕ್ಕೆ ತಕ್ಕ ಗಣಿತ ವಿನ್ಯಾಸ ಇದ್ದಾಗ ಮಾತ್ರ ಇದು ಸಾಧ್ಯ. ಎಲ್ಲ ಸಮಸ್ಯೆಗಳಲ್ಲೂ ಅದು ಇರುವುದಿಲ್ಲ.

ಸಿದ್ಧಾಂತವೇ ವಿಧಿಸಿದ ಮಿತಿಗಳೂ ಇವೆ. ಅಷ್ಟೊಂದು ಸಂಖ್ಯೆಗಳನ್ನು ಒಳಗಿಟ್ಟುಕೊಂಡ 300 ಕ್ಯೂಬಿಟ್‌ಗಳಿಂದ ನಾವು ಹೊರತೆಗೆಯಬಹುದಾದ ಮಾಹಿತಿ 300 ಬಿಟ್‌ಗಳಿಗಿಂತ ಹೆಚ್ಚಲ್ಲ ಎಂದು ಅಲೆಕ್ಸಾಂಡರ್ ಹೊಲೆವೊ 1973ರಲ್ಲಿ ಸಾಧಿಸಿದರು. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದು ಎಂಬುದು 1982ರಲ್ಲಿ ಸಾಬೀತಾಯಿತು. ಕಂಪ್ಯೂಟರ್ ಎಂದರೆ ನಕಲು ಎನ್ನುವಷ್ಟು ನಾವು ಒಗ್ಗಿಹೋಗಿರುವಾಗ ಇದು ಸಣ್ಣ ನಿರ್ಬಂಧವಲ್ಲ. ಮುಂದೆ ನೋಡುವಂತೆ, ಇದೇ ನಿರ್ಬಂಧ ಗುಪ್ತ ಸಂವಹನಕ್ಕೆ ಕಾವಲಾಗಿಯೂ ನಿಲ್ಲುತ್ತದೆ.

ಇನ್ನೊಂದು ಮುಖ್ಯ ಸಂಗತಿ ಎಂಟ್ಯಾಂಗಲ್‌ಮೆಂಟ್, ಎರಡು ಕಣಗಳ ಹೆಣಿಕೆ. ಹೆಣೆದುಕೊಂಡ ಕಣಗಳಿಗೆ ಒಟ್ಟಾಗಿ ಒಂದು ಖಚಿತ ಸ್ಥಿತಿ ಇರುತ್ತದೆ, ಬಿಡಿಬಿಡಿಯಾಗಿ ಇರುವುದಿಲ್ಲ. 1935ರಲ್ಲಿ ಐನ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ಸಿದ್ಧಾಂತದ ಅಪೂರ್ಣತೆಯ ಗುರುತೆಂದು ಕಂಡರು. ಕಣಗಳು ಮೊದಲೇ ಒಳಗೊಳಗೆ ಉತ್ತರ ನಿಶ್ಚಯಿಸಿಕೊಂಡು ಹೊರಟಿದ್ದರೆ ಅವುಗಳ ನಡುವಿನ ಹೊಂದಾಣಿಕೆ ಒಂದು ಮಟ್ಟವನ್ನು ಮೀರಲಾರದು ಎಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳಲ್ಲಿ ಆ ಮಟ್ಟ ಮೀರಿತು. 1972ರಲ್ಲಿ ಜಾನ್ ಕ್ಲೌಸರ್, 1982ರಲ್ಲಿ ಅಲೆನ್ ಆಸ್ಪೆ, ಬಳಿಕ ಆಂಟನ್ ಝೈಲಿಂಗರ್ ತಂಡ ಮಾಡಿದ ಕೆಲಸಕ್ಕೆ 2022ರ ನೊಬೆಲ್ ಬಂತು. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದಲ್ಲಿ ನಡೆದ ಪ್ರಯೋಗ ಹಳೆಯ ಪ್ರಯೋಗಗಳಲ್ಲಿ ಉಳಿದಿದ್ದ ಮುಖ್ಯ ಸಂದುಗಳನ್ನು ಒಟ್ಟಿಗೇ ಮುಚ್ಚಿತು. ಇಷ್ಟಾದರೂ ಈ ಹೆಣಿಕೆಯ ಮೂಲಕ ಬೆಳಕಿಗಿಂತ ವೇಗವಾಗಿ ಸಂದೇಶ ಕಳುಹಿಸಲಾಗದು. ಅದನ್ನೂ ಇದೇ ಸಿದ್ಧಾಂತ ಹೇಳುತ್ತದೆ.

ಶೋರ್, ಗ್ರೋವರ್ ಮತ್ತು ವಿನ್ಯಾಸದ ಪ್ರಶ್ನೆ

1994ರಲ್ಲಿ ಬೆಲ್ ಲ್ಯಾಬ್ಸಿನ ಪೀಟರ್ ಶೋರ್ ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ವೇಗವಾಗಿ ಕಂಡುಹಿಡಿಯುವ ಕ್ವಾಂಟಂ ಅಲ್ಗಾರಿದಂ ಪ್ರಕಟಿಸಿದಾಗ ಈ ಕ್ಷೇತ್ರ ಕುತೂಹಲದ ಹಂತ ದಾಟಿತು. ಅದರ ತಿರುಳನ್ನು 15 ಎಂಬ ಪುಟ್ಟ ಸಂಖ್ಯೆಯಲ್ಲೇ ಕಾಣಬಹುದು. 7ರ ಘಾತಗಳನ್ನು 15ರಿಂದ ಭಾಗಿಸಿ ಶೇಷವನ್ನು ಬರೆಯುತ್ತಾ ಹೋಗಿ: 7, 4, 13, 1, ಮತ್ತೆ 7, 4, 13, 1. ನಾಲ್ಕು ಹೆಜ್ಜೆಗೊಮ್ಮೆ ಸರಣಿ ಮರುಕಳಿಸುತ್ತದೆ. ಆವರ್ತ 4 ಎಂದು ತಿಳಿದ ಮೇಲೆ ಅದರ ಅರ್ಧ 2. 7ರ ವರ್ಗ 49. 49ರ ಅಕ್ಕಪಕ್ಕದ 48 ಮತ್ತು 50ಕ್ಕೆ 15ರೊಡನೆ ಇರುವ ಸಾಮಾನ್ಯ ಭಾಜಕ ನೋಡಿದರೆ 3 ಮತ್ತು 5 ಸಿಗುತ್ತವೆ. 15ರ ಅಪವರ್ತನಗಳು ಅವೇ.

ಇದರಲ್ಲಿ ಕಷ್ಟದ ಹೆಜ್ಜೆ ಒಂದೇ, ಆವರ್ತವನ್ನು ಕಂಡುಹಿಡಿಯುವುದು. ನೂರಾರು ಅಂಕಿಗಳ ಸಂಖ್ಯೆಗೆ ಸಾಮಾನ್ಯ ಕಂಪ್ಯೂಟರ್ ಅಲ್ಲಿಯೇ ಸೋಲುತ್ತದೆ. ಮರುಕಳಿಸುವ ಸರಣಿಯಲ್ಲಿ ವ್ಯತಿಕರಣಕ್ಕೆ ಹೇಳಿಮಾಡಿಸಿದ ವಿನ್ಯಾಸವಿದೆ. ಆವರ್ತಕ್ಕೆ ಹೊಂದದ ದಾರಿಗಳು ಅಳಿಸಿಹೋಗಿ ಹೊಂದುವವು ಉಳಿಯುತ್ತವೆ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಅಪವರ್ತನ ಕಷ್ಟ ಎಂಬ ನಂಬಿಕೆಯ ಮೇಲೆ. ಅದರಿಂದಾಗಿಯೇ ಶೋರ್ ಅವರ ಫಲಿತಾಂಶ ಬ್ಯಾಂಕುಗಳಿಗೂ ಸರ್ಕಾರಗಳಿಗೂ ತಟ್ಟಿತು.

1996ರಲ್ಲಿ ದೆಹಲಿ ಐಐಟಿಯಲ್ಲಿ ಓದಿ ಬೆಲ್ ಲ್ಯಾಬ್ಸಿನಲ್ಲಿದ್ದ ಲವ್ ಗ್ರೋವರ್ ಹುಡುಕಾಟದ ಅಲ್ಗಾರಿದಂ ಕೊಟ್ಟರು. ಯಾವ ಕ್ರಮವೂ ಇಲ್ಲದ ಹತ್ತು ಲಕ್ಷ ದಾಖಲೆಗಳಲ್ಲಿ ಒಂದನ್ನು ಹುಡುಕಲು ಸಾಮಾನ್ಯವಾಗಿ ಸರಾಸರಿ ಐದು ಲಕ್ಷ ಸಲ ನೋಡಬೇಕು. ಗ್ರೋವರ್ ವಿಧಾನಕ್ಕೆ ಸುಮಾರು 785 ಹೆಜ್ಜೆ ಸಾಕು. ಇದಕ್ಕಿಂತ ವೇಗವಾಗಿ ಯಾವ ಕ್ವಾಂಟಂ ವಿಧಾನವೂ ಹುಡುಕಲಾರದು ಎಂಬುದೂ ಸಾಧಿತವಾಗಿದೆ. ಈ ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯ. ವಿನ್ಯಾಸವಿಲ್ಲದ ಸಮಸ್ಯೆಯಲ್ಲಿ ಸಿಗುವ ಲಾಭ ವರ್ಗಮೂಲದಷ್ಟು ಮಾತ್ರ. ಪ್ರವಾಸಿ ಮಾರಾಟಗಾರನ ದಾರಿಯಂಥ ಕುಖ್ಯಾತ ಕಠಿಣ ಸಮಸ್ಯೆಗಳನ್ನು ಕ್ವಾಂಟಂ ಕಂಪ್ಯೂಟರ್ ಕ್ಷಣದಲ್ಲಿ ಬಿಡಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಗ್ರೋವರ್ ಲೆಕ್ಕಕ್ಕೆ ಬೆಂಗಳೂರಿನಿಂದ ಒಂದು ಕುತೂಹಲದ ಟಿಪ್ಪಣಿ ಸೇರಿದೆ. ಒಂದು ಹೆಜ್ಜೆಯಲ್ಲಿ ಗ್ರೋವರ್ ವಿಧಾನ ನಿಖರವಾಗಿ ಗುರುತಿಸಬಲ್ಲದ್ದು 4 ವಸ್ತುಗಳಲ್ಲಿ ಒಂದನ್ನು, ಮೂರು ಹೆಜ್ಜೆಯಲ್ಲಿ ಸುಮಾರು 20ರಲ್ಲಿ ಒಂದನ್ನು. ಡಿಎನ್‌ಎಯಲ್ಲಿ 4 ಅಕ್ಷರಗಳು, ಮೂರು ಅಕ್ಷರಗಳ ಸಂಕೇತ ಆರಿಸುವ ಅಮೈನೋ ಆಮ್ಲಗಳು 20. ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಈ ಹೊಂದಿಕೆಯನ್ನು ಎತ್ತಿ ತೋರಿಸಿದರು. ಜೀವಕೋಶದೊಳಗೆ ಅಂಥ ಕ್ವಾಂಟಂ ಹುಡುಕಾಟ ನಡೆಯುತ್ತದೆ ಎಂಬುದಕ್ಕೆ ಪ್ರಯೋಗದ ಪುರಾವೆ ಇಲ್ಲ. ಆದರೂ ಮಾಹಿತಿಯ ದೃಷ್ಟಿಯಿಂದ ನಿಸರ್ಗವನ್ನು ನೋಡಿದರೆ ಎಂಥ ಪ್ರಶ್ನೆಗಳು ಏಳುತ್ತವೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಸಾಲಿನಲ್ಲಿ ಇನ್ನೊಂದು ಪಾಠ 2018ರದು. ಗ್ರಾಹಕರಿಗೆ ಸಿನಿಮಾ, ಪುಸ್ತಕ ಶಿಫಾರಸು ಮಾಡುವ ಸಮಸ್ಯೆಗೆ 2016ರಲ್ಲಿ ಯೊರ್ಡಾನಿಸ್ ಕೆರೆನಿಡಿಸ್ ಮತ್ತು ಅನುಪಮ್ ಪ್ರಕಾಶ್ ಕೊಟ್ಟಿದ್ದ ಕ್ವಾಂಟಂ ವಿಧಾನ ಘಾತೀಯ ವೇಗದ್ದೆಂದು ಹೆಸರಾಗಿತ್ತು. ಅದನ್ನು ಸಾಮಾನ್ಯ ಕಂಪ್ಯೂಟರ್ ಸರಿಗಟ್ಟಲಾರದೆಂದು ಸಾಧಿಸಲು ಹೊರಟ ಇವಿನ್ ಟ್ಯಾಂಗ್ ಎಂಬ 18ರ ವಿದ್ಯಾರ್ಥಿನಿ ಅದರ ವಿರುದ್ಧವನ್ನೇ ಸಾಧಿಸಿದರು. ಕ್ವಾಂಟಂ ವಿಧಾನದಿಂದ ಕಲಿತ ಉಪಾಯವನ್ನೇ ಬಳಸಿ, ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ವೇಗದ ವಿಧಾನವನ್ನು ಅವರು ಕೊಟ್ಟರು. ಕ್ವಾಂಟಂ ಯಂತ್ರಕಲಿಕೆಯ ಹಲವು ದೊಡ್ಡ ಆಶ್ವಾಸನೆಗಳು ಆಮೇಲೆ ಇದೇ ದಾರಿ ಹಿಡಿದವು.

ಯಂತ್ರಗಳು ಎಲ್ಲಿವೆ

ಕ್ಯೂಬಿಟ್ ಆಗಲು ಎರಡು ಸ್ಪಷ್ಟ ಸ್ಥಿತಿಗಳಿರುವ ಯಾವ ವಸ್ತುವಾದರೂ ಸಾಕು. ನಿರ್ವಾತದಲ್ಲಿ ವಿದ್ಯುತ್ ಕ್ಷೇತ್ರದಿಂದ ಹಿಡಿದಿಟ್ಟ ಒಂಟಿ ಅಯಾನು, ಲೇಸರ್ ಕಿರಣದ ನಾಭಿಯಲ್ಲಿ ನಿಲ್ಲಿಸಿದ ಪರಮಾಣು, ಬೆಳಕಿನ ಕಣ, ಅತಿವಾಹಕ ಲೋಹದ ಪುಟ್ಟ ಮಂಡಲ, ಎಲ್ಲವನ್ನೂ ಪ್ರಯತ್ನಿಸಿದ್ದಾರೆ. ಗೂಗಲ್, ಐಬಿಎಂ ಬಳಸುವ ಅತಿವಾಹಕ ಮಂಡಲಗಳು ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿನ ಉಷ್ಣತೆಯಲ್ಲಿ ಕೆಲಸ ಮಾಡುತ್ತವೆ. ಕಣ್ಣಿಗೆ ಕಾಣುವಷ್ಟು ದೊಡ್ಡ ಮಂಡಲವೂ ಒಂದು ಪರಮಾಣುವಿನಂತೆ ನಡೆದುಕೊಳ್ಳಬಲ್ಲದು ಎಂದು 1980ರ ದಶಕದ ನಡುವೆ ಬರ್ಕ್ಲಿಯಲ್ಲಿ ತೋರಿಸಿದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಅವರಿಗೆ 2025ರ ಭೌತಶಾಸ್ತ್ರ ನೊಬೆಲ್ ಸಂದಿತು.

ಎಲ್ಲ ಬಗೆಯ ಕ್ಯೂಬಿಟ್‌ಗಳಿಗೂ ಶತ್ರು ಒಂದೇ, ಸುತ್ತಲಿನ ಜಗತ್ತು. ಸ್ವಲ್ಪ ಶಾಖ, ಎಲ್ಲಿಂದಲೋ ಬಂದ ವಿಕಿರಣ, ಪಕ್ಕದ ಕ್ಯೂಬಿಟ್ಟಿನ ಸೋರಿಕೆ, ಇಷ್ಟು ಸಾಕು ಸೂಕ್ಷ್ಮ ಸ್ಥಿತಿ ಕದಡಲು. ಇಂದಿನ ಉತ್ತಮ ಯಂತ್ರಗಳಲ್ಲೂ ಎರಡು ಕ್ಯೂಬಿಟ್‌ಗಳ ನಡುವಿನ ಕ್ರಿಯೆ ಸುಮಾರು ಸಾವಿರಕ್ಕೊಮ್ಮೆ ತಪ್ಪುತ್ತದೆ. ಶೋರ್ ಅಲ್ಗಾರಿದಮ್ಮಿಗೆ ಕೋಟಿಗಟ್ಟಲೆ ಕ್ರಿಯೆಗಳು ಬೇಕು. ಈ ಕಂದರವೇ ಈ ಕ್ಷೇತ್ರದ ಮುಖ್ಯ ಕಥೆ.

ನಕಲು ಮಾಡಲಾಗದ, ಅಳೆದರೆ ಕೆಡುವ ವಸ್ತುವಿನ ತಪ್ಪನ್ನು ತಿದ್ದುವುದು ಹೇಗೆ? ಇದು ಅಸಾಧ್ಯವೆಂದೇ ಹಲವರು ತಿಳಿದಿದ್ದರು. 1995ರಲ್ಲಿ ಶೋರ್ ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರ ಹೆಣಿಕೆಯಲ್ಲಿ ಹರಡಿಟ್ಟು, ಮಾಹಿತಿಯನ್ನು ಮುಟ್ಟದೆ ತಪ್ಪನ್ನು ಮಾತ್ರ ಅಳೆಯುವ ದಾರಿ ತೋರಿದರು. ಬಿಡಿ ಕ್ಯೂಬಿಟ್ಟಿನ ತಪ್ಪು ಒಂದು ಹೊಸ್ತಿಲಿಗಿಂತ ಕೆಳಗಿದ್ದರೆ, ಇನ್ನಷ್ಟು ಕ್ಯೂಬಿಟ್‌ಗಳನ್ನು ಸೇರಿಸಿ ಒಟ್ಟು ತಪ್ಪನ್ನು ಎಷ್ಟು ಬೇಕಾದರೂ ತಗ್ಗಿಸಬಹುದು ಎಂಬ ಪ್ರಮೇಯ ಕೆಲವೇ ವರ್ಷಗಳಲ್ಲಿ ಬಂತು. ಕ್ವಾಂಟಂ ಗಣನೆಯ ಮೇಲೆ ವಿಶ್ವಾಸ ಇಡಲು ನನಗೆ ಕಾಣುವ ಅತಿ ಬಲವಾದ ಕಾರಣ ಈ ಪ್ರಮೇಯ.

2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್‌ಗಳ ಸಿಕಮೋರ್ ಯಂತ್ರ 200 ಸೆಕೆಂಡುಗಳಲ್ಲಿ ಮಾಡಿದ ಲೆಕ್ಕಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕೆಂದು ಹೇಳಿತು. ಎರಡೂವರೆ ದಿನ ಸಾಕು ಎಂದು ಐಬಿಎಂ ಕೂಡಲೇ ಆಕ್ಷೇಪಿಸಿತು. ಮುಂದಿನ ವರ್ಷಗಳಲ್ಲಿ ಉತ್ತಮ ಗಣಿತ ವಿಧಾನಗಳು ಆ ಅಂತರವನ್ನು ಇನ್ನೂ ಕರಗಿಸಿದವು. ಆ ಲೆಕ್ಕಕ್ಕೆ ಯಾವ ಉಪಯೋಗವೂ ಇರಲಿಲ್ಲ; ಅದನ್ನು ಆರಿಸಿದ್ದೇ ಕ್ವಾಂಟಂ ಯಂತ್ರಕ್ಕೆ ಅನುಕೂಲವಾಗಲೆಂದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ 2024ರ ಡಿಸೆಂಬರಿನದು. ಗೂಗಲ್‌ನ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್‌ನಲ್ಲಿ ತಪ್ಪು ತಿದ್ದುವ ಕ್ಯೂಬಿಟ್ ಜಾಲವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಹಿಗ್ಗಿಸಿದಾಗ ಪ್ರತಿ ಸಲವೂ ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಹೊಸ್ತಿಲಿನ ಪ್ರಮೇಯ ಯಂತ್ರದಲ್ಲಿಯೂ ನಿಜವಾಯಿತು. ಅದಕ್ಕೂ ಒಂದು ವರ್ಷ ಮೊದಲು ಹಾರ್ವರ್ಡ್ ತಂಡ ಲೇಸರ್‌ನಿಂದ ಹಿಡಿದ ಪರಮಾಣುಗಳಲ್ಲಿ 48 ರಕ್ಷಿತ ಕ್ಯೂಬಿಟ್‌ಗಳನ್ನು ರೂಪಿಸಿ ಲೆಕ್ಕ ನಡೆಸಿತ್ತು. ಐಬಿಎಂ 2023ರಲ್ಲೇ 1,121 ಕ್ಯೂಬಿಟ್‌ಗಳ ಚಿಪ್ ಮಾಡಿತ್ತಾದರೂ ಪ್ರಗತಿಯನ್ನು ಅಳೆಯಬೇಕಾದ್ದು ಆ ಎಣಿಕೆಯಿಂದಲ್ಲ, ತಪ್ಪಿನ ಪ್ರಮಾಣದಿಂದ.

ಬೀಗ ಬದಲಿಸುವ ಹೊತ್ತು

ಕ್ವಾಂಟಂ ಗಣನೆ ಸಾಮಾನ್ಯ ಜನರ ಬದುಕನ್ನು ಮೊದಲು ತಟ್ಟುವುದು ಗುಪ್ತತೆಯ ವಿಷಯದಲ್ಲಿ. ಬ್ಯಾಂಕಿನ ಜಾಲತಾಣ, ಫೋನಿನಲ್ಲಿ ಹಣ ಕಳುಹಿಸುವ ವ್ಯವಸ್ಥೆ, ಪಹಣಿಯ ಮೇಲಿನ ಡಿಜಿಟಲ್ ಸಹಿ, ಇವೆಲ್ಲ ಆರ್‌ಎಸ್‌ಎ ಅಥವಾ ಅದರ ಬಂಧು ವಿಧಾನಗಳನ್ನು ನಂಬಿವೆ. ಶೋರ್ ಅಲ್ಗಾರಿದಂ ಓಡಿಸುವಷ್ಟು ದೊಡ್ಡ ಯಂತ್ರ ಬಂದ ದಿನ ಇವೆಲ್ಲ ಬಯಲಾಗುತ್ತವೆ. ಅಂಥ ಯಂತ್ರ ಇಂದು ಇಲ್ಲ. ಆದರೆ ಅಂದಾಜುಗಳು ಇಳಿಯುತ್ತಿವೆ. 2048 ಬಿಟ್‌ಗಳ ಆರ್‌ಎಸ್‌ಎ ಮುರಿಯಲು ಎರಡು ಕೋಟಿ ಕ್ಯೂಬಿಟ್‌ಗಳು, ಎಂಟು ಗಂಟೆ ಬೇಕೆಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಲೆಕ್ಕಹಾಕಿದ್ದರು. ಒಂದು ವಾರದೊಳಗಿನ ಸಮಯ ಕೊಟ್ಟರೆ ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್‌ಗಳು ಸಾಕೆಂದು 2025ರಲ್ಲಿ ಗಿಡ್ನಿ ತೋರಿಸಿದರು. ಯಂತ್ರ ಬೆಳೆಯುವುದರ ಜೊತೆಗೆ ಗಣಿತವೂ ಬೆಳೆಯುತ್ತಿದೆ.

ಇಂದೇ ಕದ್ದು ಕೂಡಿಟ್ಟ ಗುಪ್ತ ಕಡತಗಳನ್ನು ಯಂತ್ರ ಬಂದ ಮೇಲೆ ತೆರೆಯಬಹುದು ಎಂಬುದು ಇನ್ನೂ ಗಂಭೀರ. ವೈದ್ಯಕೀಯ ದಾಖಲೆ, ರಕ್ಷಣಾ ಪತ್ರ ಮುಂತಾಗಿ ಇಪ್ಪತ್ತು ಮೂವತ್ತು ವರ್ಷ ಗುಟ್ಟಾಗಿ ಉಳಿಯಬೇಕಾದದ್ದಕ್ಕೆ ಅಪಾಯ ಈಗಲೇ ಇದೆ. ಇದಕ್ಕೆ ಪರಿಹಾರ ಎರಡು ಬಗೆಯದು.

ಮೊದಲನೆಯದು ಬಿಬಿ84 ಹಾದಿ. ಕಳುಹಿಸುವವರು ಪ್ರತಿ ಬೆಳಕಿನ ಕಣವನ್ನೂ ಎರಡು ಬಗೆಯ ಧ್ರುವೀಕರಣಗಳಲ್ಲಿ ಯಾವುದಾದರೂ ಒಂದರಲ್ಲಿ ಕಳುಹಿಸುತ್ತಾರೆ. ಪಡೆಯುವವರು ಯಾವುದೋ ಒಂದು ಬಗೆಯಲ್ಲಿ ಅಳೆಯುತ್ತಾರೆ. ಆಮೇಲೆ ಬಗೆಗಳನ್ನು ಬಹಿರಂಗವಾಗಿ ಹೋಲಿಸಿ, ಹೊಂದಿದವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನಡುವೆ ಕದ್ದು ನೋಡುವವರು ಕಣವನ್ನು ನಕಲು ಮಾಡುವಂತಿಲ್ಲ, ಅಳೆಯಲೇಬೇಕು. ಅರ್ಧದಷ್ಟು ಸಲ ಅವರು ಆರಿಸಿದ ಬಗೆ ತಪ್ಪಿರುತ್ತದೆ. ಎಲ್ಲ ಕಣಗಳನ್ನೂ ಹೀಗೆ ಅಳೆದು ಮುಂದೆ ಕಳುಹಿಸಿದರೆ ಉಳಿದ ಬಿಟ್‌ಗಳಲ್ಲಿ ಸರಾಸರಿ ಶೇ. 25 ತಪ್ಪಾಗಿ ಕಳ್ಳತನ ಬಯಲಿಗೆ ಬೀಳುತ್ತದೆ. 1991ರಲ್ಲಿ ಆರ್ಟರ್ ಎಕರ್ಟ್ ಹೆಣೆದ ಕಣಗಳನ್ನು ಬಳಸುವ ಇನ್ನೊಂದು ವಿಧಾನ ಕೊಟ್ಟರು. ಚೀನಾ 2016ರಲ್ಲಿ ಹಾರಿಸಿದ ಮಿಸಿಯಸ್ ಉಪಗ್ರಹ 1,200 ಕಿಲೋಮೀಟರ್ ಅಂತರದ ಎರಡು ನಿಲ್ದಾಣಗಳಿಗೆ ಹೆಣೆದ ಬೆಳಕಿನ ಕಣಗಳನ್ನು ತಲುಪಿಸಿತು. 2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಎರಡು ಕಟ್ಟಡಗಳ ನಡುವೆ ಬಯಲಿನಲ್ಲೇ ಕೀಲಿ ಹಂಚಿತು. ಅದೇ ವರ್ಷ ಇಸ್ರೊ ಅಹಮದಾಬಾದಿನಲ್ಲಿ 300 ಮೀಟರ್ ದೂರದ ಪ್ರಯೋಗ ನಡೆಸಿತು.

ಈ ಹಾದಿಗೂ ಮಿತಿಯಿದೆ. ಬೆಳಕು ಗಾಜಿನ ನಾರಿನಲ್ಲಿ ದೂರ ಹೋದಂತೆ ಕಣಗಳು ನಷ್ಟವಾಗುತ್ತವೆ. ನಕಲು ಮಾಡಲಾಗದ ಕಾರಣ ನಡುವೆ ಅವನ್ನು ವರ್ಧಿಸುವಂತಿಲ್ಲ. ಮಾತನಾಡುತ್ತಿರುವ ಎದುರಿನ ವ್ಯಕ್ತಿ ಯಾರೆಂದು ಖಚಿತಪಡಿಸಿಕೊಳ್ಳಲು ಬೇರೆ ವ್ಯವಸ್ಥೆ ಬೇಕು. ಪ್ರತಿ ಮನೆಗೂ ಪ್ರತಿ ಫೋನಿಗೂ ಇದು ತಲುಪುವುದು ಕಷ್ಟ.

ಎರಡನೆಯ ಪರಿಹಾರ ಹೆಚ್ಚು ಸಾಧಾರಣವಾಗಿ ಕಾಣುತ್ತದೆ, ಆದರೆ ಹೆಚ್ಚು ಜನರನ್ನು ಕಾಯುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುವ, ಆದರೆ ಕ್ವಾಂಟಂ ಯಂತ್ರಕ್ಕೂ ಸುಲಭವಾಗಿ ಬಗ್ಗದೆಂದು ನಂಬಲಾದ ಹೊಸ ಗಣಿತದ ಬೀಗಗಳೇ ಆ ಪರಿಹಾರ. ಅಮೆರಿಕದ ನಿಸ್ಟ್ ಸಂಸ್ಥೆ ವರ್ಷಗಟ್ಟಲೆ ಸ್ಪರ್ಧೆ ನಡೆಸಿ 2024ರ ಆಗಸ್ಟಿನಲ್ಲಿ ಇಂಥ ಮೊದಲ ಮೂರು ಮಾನದಂಡಗಳನ್ನು ಪ್ರಕಟಿಸಿತು. ಆ ಸ್ಪರ್ಧೆಯಲ್ಲಿ ಮುಂದುವರಿದಿದ್ದ ‘ಸೈಕ್’ ಎಂಬ ವಿಧಾನವನ್ನು 2022ರಲ್ಲಿ ಸಾಮಾನ್ಯ ಕಂಪ್ಯೂಟರೇ ಸುಮಾರು ಒಂದು ಗಂಟೆಯಲ್ಲಿ ಮುರಿದಿತ್ತು. ಹೊಸ ಬೀಗಗಳನ್ನೂ ಬಹಿರಂಗವಾಗಿ, ದೀರ್ಘಕಾಲ ಪರೀಕ್ಷಿಸಬೇಕೆಂಬ ಎಚ್ಚರಿಕೆ ಅದರಲ್ಲಿದೆ. ಕ್ವಾಂಟಂ ಕಂಪ್ಯೂಟರ್ ಯಾವಾಗ ಬರುತ್ತದೆ ಎಂಬ ಚರ್ಚೆ ಮುಗಿಯುವವರೆಗೆ ಕಾಯದೆ ಬೀಗ ಬದಲಿಸುವ ಕೆಲಸ ಆರಂಭವಾಗಬೇಕು. ದೇಶವೊಂದರ ತಂತ್ರಾಂಶವನ್ನೆಲ್ಲ ಬದಲಿಸಲು ಹತ್ತಾರು ವರ್ಷ ಹಿಡಿಯುತ್ತದೆ.

ನಿಜವಾದ ಫಸಲು ಎಲ್ಲಿ

ಬೀಗ ಮುರಿಯುವುದು ಕ್ವಾಂಟಂ ಕಂಪ್ಯೂಟರಿನ ಹೆಮ್ಮೆಯ ಕೆಲಸವಲ್ಲ. ಫೈನ್‌ಮನ್ ಕಂಡ ಕೆಲಸ, ಅಣುಗಳ ಮತ್ತು ಹೊಸ ವಸ್ತುಗಳ ನಡೆಯನ್ನು ಲೆಕ್ಕಹಾಕುವುದು, ಇಂದಿಗೂ ಅದರ ಅತ್ಯುತ್ತಮ ಬಳಕೆ. ಇಲ್ಲಿ ಸಮಸ್ಯೆಯೇ ಕ್ವಾಂಟಂ ಆದ್ದರಿಂದ ವಿನ್ಯಾಸವನ್ನು ಬೇರೆಲ್ಲೂ ಹುಡುಕಬೇಕಿಲ್ಲ.

ಒಂದು ಉದಾಹರಣೆ ನಮ್ಮ ಹೊಲದಲ್ಲೇ ಇದೆ. ತೊಗರಿ, ಹೆಸರು, ಶೇಂಗಾ ಬೇರುಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹೊಲದ ಸಾಮಾನ್ಯ ಉಷ್ಣತೆಯಲ್ಲೇ ಅಮೋನಿಯಾ ಮಾಡುತ್ತವೆ. ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ ಹೇಬರ್-ಬಾಶ್ ವಿಧಾನದಲ್ಲಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ, ನೂರಕ್ಕೂ ಹೆಚ್ಚು ಪಟ್ಟು ವಾಯುಮಂಡಲದ ಒತ್ತಡ ಬೇಕು. ಜಗತ್ತಿನ ಒಟ್ಟು ಶಕ್ತಿಯ ಶೇ. 1ರಿಂದ 2ರಷ್ಟು ಅದಕ್ಕೇ ಹೋಗುತ್ತದೆ. ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಕಿಣ್ವದ ನಡುವಿನ ಕಬ್ಬಿಣ-ಮಾಲಿಬ್ಡಿನಂ ಗೊಂಚಲು ಇದನ್ನು ಹೇಗೆ ಸಾಧಿಸುತ್ತದೆ ಎಂಬುದು ಪೂರ್ತಿ ತಿಳಿದಿಲ್ಲ, ಏಕೆಂದರೆ ಅದರ ಎಲೆಕ್ಟ್ರಾನುಗಳು ಗಾಢವಾಗಿ ಹೆಣೆದುಕೊಂಡಿದ್ದು ಸಾಮಾನ್ಯ ಲೆಕ್ಕಕ್ಕೆ ಜಗ್ಗುವುದಿಲ್ಲ. ತಪ್ಪು ತಿದ್ದಿಕೊಳ್ಳುವ ಕ್ವಾಂಟಂ ಯಂತ್ರಕ್ಕೆ ಇದನ್ನು ಗುರಿಯಾಗಿ ಹಲವರು ಇಟ್ಟುಕೊಂಡಿದ್ದಾರೆ. ಒಳಗುಟ್ಟು ತಿಳಿದ ಮಾತ್ರಕ್ಕೆ ಅಗ್ಗದ ಗೊಬ್ಬರ ಬಂದುಬಿಡುವುದಿಲ್ಲ. ಆದರೂ ಒಂದು ಯಂತ್ರವನ್ನು ಕಟ್ಟಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣದು.

ನಮ್ಮ ನೆಲದಲ್ಲಿ

ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರವರೆಗೆ 6,003.65 ಕೋಟಿ ರೂಪಾಯಿ. 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ, 2,000 ಕಿಲೋಮೀಟರ್ ವ್ಯಾಪ್ತಿಯ ಉಪಗ್ರಹ ಸಂವಹನ ಅದರ ಗುರಿಗಳಲ್ಲಿ ಸೇರಿವೆ. ನಾಲ್ಕು ಕೇಂದ್ರಗಳಲ್ಲಿ ಗಣನೆಯ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಸಂವಹನ ಮದ್ರಾಸ್ ಐಐಟಿಗೆ, ಸೂಕ್ಷ್ಮ ಅಳತೆ ಮುಂಬೈ ಐಐಟಿಗೆ, ವಸ್ತು ವಿಜ್ಞಾನ ದೆಹಲಿ ಐಐಟಿಗೆ ಸಂದಿದೆ. 2025ರಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಅತಿವಾಹಕ ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಿಸಿತು.

ಹಣ ಮತ್ತು ಸಂಸ್ಥೆಗಳು ಬಂದಿರುವುದು ಸಂತೋಷದ ವಿಷಯ. ಆದರೆ ಕ್ಯೂಬಿಟ್‌ಗಳ ಎಣಿಕೆಯನ್ನೇ ಗುರಿಯಾಗಿಸಿಕೊಳ್ಳುವುದರ ಬಗ್ಗೆ ನನಗೆ ಆತಂಕವಿದೆ. ತಡವಾಗಿ ಓಟಕ್ಕೆ ಇಳಿದವರು ಎಣಿಕೆಯಲ್ಲಿ ಮುಂದಿನವರನ್ನು ಹಿಡಿಯುವುದು ಕಷ್ಟ, ಹಿಡಿದರೂ ಪ್ರಯೋಜನ ಸ್ವಲ್ಪ. ಆಳವಾದ ಶೈತ್ಯ ಯಂತ್ರಗಳು, ಸ್ಥಿರವಾದ ಲೇಸರ್‌ಗಳು, ಒಂಟಿ ಬೆಳಕಿನ ಕಣವನ್ನು ಗುರುತಿಸುವ ಉಪಕರಣಗಳು ಇವನ್ನೆಲ್ಲ ಹೊರಗಿನಿಂದ ತರಿಸುತ್ತಲೇ ಇದ್ದರೆ ಪ್ರಯೋಗಾಲಯ ಇಲ್ಲಿದ್ದರೂ ಬಲ ಬೇರೆ ಕಡೆ ಇರುತ್ತದೆ. ಇವನ್ನು ಮಾಡಬಲ್ಲ ಕೈಗಳನ್ನು ತಯಾರು ಮಾಡುವುದಕ್ಕೆ ಒಂದು ತಲೆಮಾರು ಬೇಕು. ಇನ್ನೊಂದೆಡೆ ಅಲ್ಗಾರಿದಂ, ದೋಷ ತಿದ್ದುಪಡಿ, ಗೂಢಲಿಪಿ ಇವಕ್ಕೆ ಬೇಕಾದದ್ದು ರೇಖೀಯ ಬೀಜಗಣಿತ ಮತ್ತು ತಾಳ್ಮೆ. ಕಲಬುರಗಿಯ ಕಾಲೇಜಿನಲ್ಲೂ ಶಿವಮೊಗ್ಗದ ಕಾಲೇಜಿನಲ್ಲೂ ಅದನ್ನು ಕಲಿಸಬಹುದು. ಕನ್ನಡದಲ್ಲೇ ಚೆನ್ನಾಗಿ ವಿವರಿಸಬಹುದು. ಟ್ಯಾಂಗ್ ಅವರ ಫಲಿತಾಂಶಕ್ಕೆ ಶೈತ್ಯ ಯಂತ್ರ ಬೇಕಾಗಲಿಲ್ಲ.

ತೂಗಿ ನೋಡಿದಾಗ

ಈವರೆಗಿನ ಲೆಕ್ಕ ಹೀಗೆ ನಿಲ್ಲುತ್ತದೆ. ಮಾಹಿತಿ ಎಂದರೇನು, ಏನನ್ನು ನಕಲಿಸಬಹುದು, ಏನನ್ನು ಗುಟ್ಟಾಗಿಡಬಹುದು ಎಂಬ ಮೂಲ ಪ್ರಶ್ನೆಗಳಿಗೆ ಕ್ವಾಂಟಂ ಸಿದ್ಧಾಂತ ಈಗಾಗಲೇ ಉತ್ತರ ಕೊಟ್ಟಿದೆ, ಯಂತ್ರ ಬರಲಿ ಬಾರದಿರಲಿ ಆ ಉತ್ತರ ಅಳಿಯುವುದಿಲ್ಲ. ಅಪವರ್ತನ ಮತ್ತು ಅಣುಗಳ ಲೆಕ್ಕದಂಥ ಕೆಲವು ಸಮಸ್ಯೆಗಳಲ್ಲಿ ಅದರ ಲಾಭ ಅಗಾಧ. ಹುಡುಕಾಟದಂಥವುಗಳಲ್ಲಿ ಲಾಭ ಮಿತವಾದದ್ದು. ನಮ್ಮ ದಿನನಿತ್ಯದ ಬಹುಪಾಲು ಲೆಕ್ಕಗಳಿಗೆ ಲಾಭವೇ ಇಲ್ಲ. ಅಲ್ಲಿ ಈಗಿನ ಕಂಪ್ಯೂಟರೇ ಮುಂದುವರಿಯುತ್ತದೆ. ತಪ್ಪು ತಿದ್ದುಪಡಿ ತತ್ತ್ವದಲ್ಲಿ ಗೆದ್ದಿದೆ, ಯಂತ್ರದಲ್ಲಿ ಮೊದಲ ಹೆಜ್ಜೆ ಇಟ್ಟಿದೆ.

ಆದ್ದರಿಂದ ಮುಂದಿನ ಸಲ ಹೊಸ ಕ್ವಾಂಟಂ ಯಂತ್ರದ ಸುದ್ದಿ ಬಂದಾಗ ಓದುಗರು ಕೇಳಬೇಕಾದ ಪ್ರಶ್ನೆಗಳಿವೆ. ಅದರ ಕ್ರಿಯೆಗಳು ಎಷ್ಟಕ್ಕೊಮ್ಮೆ ತಪ್ಪುತ್ತವೆ? ತಪ್ಪು ತಿದ್ದಿಕೊಂಡ ರಕ್ಷಿತ ಕ್ಯೂಬಿಟ್‌ಗಳು ಎಷ್ಟು? ಅದು ಬಿಡಿಸಿದ ಸಮಸ್ಯೆ ಯಾರಿಗಾದರೂ ಬೇಕಾಗಿತ್ತೆ? ಅದೇ ಸಮಸ್ಯೆಗೆ ಸಾಮಾನ್ಯ ಕಂಪ್ಯೂಟರಿನ ಅತ್ಯುತ್ತಮ ವಿಧಾನದೊಡನೆ ಹೋಲಿಸಿದ್ದಾರೆಯೆ? ತೆರಿಗೆಯ ಹಣ ಹಾಕುವ ಸರ್ಕಾರಗಳಿಗೂ ಈ ವಿಷಯವನ್ನು ವೃತ್ತಿಯಾಗಿ ಆರಿಸಿಕೊಳ್ಳಲು ಯೋಚಿಸುತ್ತಿರುವ ವಿದ್ಯಾರ್ಥಿಗಳಿಗೂ ಇವೇ ಪ್ರಶ್ನೆಗಳು ಸಾಕು. ಇವಕ್ಕೆ ನೇರ ಉತ್ತರ ಕೊಡುವ ಸಂಶೋಧನೆಗೆ ಧಾರಾಳ ಬೆಂಬಲ ಸಿಗಬೇಕು. ಉತ್ತರ ತಪ್ಪಿಸುವ ಘೋಷಣೆ ಎಷ್ಟೇ ದೊಡ್ಡದಾಗಿದ್ದರೂ ಅದಕ್ಕೆ ಒಂದು ರೂಪಾಯಿಯೂ ಹೋಗಬಾರದು.